ಸರದಿ ಪಾಳಿಯ ದೀರ್ಘ ದುಡಿಮೆ: ಒಳಿತೆಷ್ಟು, ಕೆಡುಕೆಷ್ಟು?

ಊರೆಲ್ಲ ಮಲಗಿದ ಮೇಲೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಡುವವರು, ಊರು ಏಳುವ ಹೊತ್ತಿಗೆ ಮನೆಗೆ ಬಂದು ಮಲಗುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಕರಾವಳಿಯವರಾದ ನಮಗೆ 'ಪಾಳಿ ಕೆಲಸ' ಎಂದೊಡನೆ ಆಸ್ಪತ್ರೆಯ ನರ್ಸುಗಳು, ಬಂದರು ಮತ್ತು ಕಾರ್ಖಾನೆಗಳ ನೌಕರರು, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ಮಕ್ಕಳು ನೆನಪಾಗುತ್ತಾರೆ. ಇವರ ಕಷ್ಟಸುಖವನ್ನು ಅರ್ಥಮಾಡಿಕೊಳ್ಳಲು ನಾವು ಈ ಸಲ ಕರಾವಳಿಯಿಂದ ದೂರದ ಒಂದು ಸೀಮೆಯನ್ನು ಉದಾಹರಣೆಯಾಗಿ ಆರಿಸಿಕೊಂಡಿದ್ದೇವೆ. ಅದು ಬೆಳಗಾವಿ ಜಿಲ್ಲೆಯ ಗಡಿಭಾಗ. ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಪಾಳಿ ಎಂಬುದು ಕೆಲವು ಮನೆಗಳ ವಿಷಯವಷ್ಟೇ ಅಲ್ಲ. ಕಬ್ಬು ನುರಿಸುವ ಹಂಗಾಮಿನಲ್ಲಿ ಅಲ್ಲಿನ ಎಷ್ಟೋ ಹಳ್ಳಿಗಳು ಪಾಳಿಯ ಲೆಕ್ಕದಲ್ಲೇ ಊಟ, ನಿದ್ದೆ, ಮದುವೆ ಮುಂಜಿ ಎಲ್ಲವನ್ನೂ ಹೊಂದಿಸಿಕೊಳ್ಳುತ್ತವೆ.

ಗಾಣ ಏಕೆ ನಿಲ್ಲುವುದಿಲ್ಲ?

ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರಿನಿಂದ ಈ ಭಾಗ ಕಬ್ಬಿನ ನಾಡಾಗಿದೆ. ಉಗಾರ ಖುರ್ದದ ಉಗಾರ ಸಕ್ಕರೆ ಕಾರ್ಖಾನೆಯ ಕಂಪನಿ ಸ್ಥಾಪನೆಯಾದದ್ದು 1939ರಲ್ಲಿ. ನಂತರ ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ, ಅಥಣಿಯ ಕೃಷ್ಣಾ ಮುಂತಾದ ಸಹಕಾರಿ ಕಾರ್ಖಾನೆಗಳೂ ಹಲವು ಖಾಸಗಿ ಕಾರ್ಖಾನೆಗಳೂ ಬಂದವು. ಸಾಮಾನ್ಯವಾಗಿ ಅಕ್ಟೋಬರ್ ಕೊನೆ ಅಥವಾ ನವೆಂಬರಿನಲ್ಲಿ ಹಂಗಾಮು ಆರಂಭವಾಗಿ ಮಾರ್ಚ್ ಹೊತ್ತಿಗೆ ಮುಗಿಯುತ್ತದೆ.

ಈ ತಿಂಗಳುಗಳಲ್ಲಿ ಗಾಣ ಹಗಲೂ ರಾತ್ರಿ ತಿರುಗಲೇಬೇಕು. ಕಡಿದ ಕಬ್ಬು ಬಿದ್ದಿದ್ದಷ್ಟೂ ಅದರ ತೂಕ ಮತ್ತು ಸಕ್ಕರೆಯ ಅಂಶ ಎರಡೂ ಇಳಿಯುತ್ತವೆ. ಹಿಂಡಿದ ರಸವನ್ನು ಹಾಗೆಯೇ ಬಿಟ್ಟರೆ ಹುಳಿಯುತ್ತದೆ. ಕಬ್ಬಿನ ಸಿಪ್ಪೆಯನ್ನೇ ಉರಿಸಿ ನಡೆಸುವ ಬಾಯ್ಲರನ್ನು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸಲು ಅದು ಮನೆಯ ಒಲೆಯಲ್ಲ. ಆದ್ದರಿಂದ ಕಾಟಾದಲ್ಲಿ ತೂಕ ಮಾಡುವವರಿಂದ ಹಿಡಿದು ಗಾಣ, ಬಾಯ್ಲರ್, ಪಾಕ ಕುದಿಸುವ ಪ್ಯಾನು, ಸಕ್ಕರೆಯಿಂದ ಕಾಕಂಬಿಯನ್ನು ಬೇರ್ಪಡಿಸುವ ಯಂತ್ರ, ಪ್ರಯೋಗಾಲಯ ಎಲ್ಲ ಕಡೆಯೂ ಮೂರು ಪಾಳಿಗಳಲ್ಲಿ ಜನ ಇರಬೇಕಾಗುತ್ತದೆ. ಈ ಸೀಮೆಯ ಹಲವು ಕಾರ್ಖಾನೆಗಳಲ್ಲಿ ನಸುಕಿನ 4ರಿಂದ ಮಧ್ಯಾಹ್ನ 12, 12ರಿಂದ ರಾತ್ರಿ 8, 8ರಿಂದ ಮರುನಸುಕಿನ 4 ಎಂಬ ಕ್ರಮ ರೂಢಿಯಲ್ಲಿದೆ. ಮುಂದಿನ ಪಾಳಿಯವನು ಬಾರದಿದ್ದರೆ ಇದ್ದವನೇ ಮುಂದುವರಿಯಬೇಕು. ಆಗ ಎಂಟು ಗಂಟೆಯ ಕೆಲಸ ಹನ್ನೆರಡೋ ಹದಿನಾರೋ ಆಗುತ್ತದೆ.

ಒಂದು ಸಣ್ಣ ಲೆಕ್ಕ

ದೀರ್ಘ ಪಾಳಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಹೆಚ್ಚಿನವರು ಮರೆಯುವುದು ಒಂದು ಲೆಕ್ಕವನ್ನು. ವಾರಕ್ಕೆ 168 ಗಂಟೆ. ಒಬ್ಬ ಕಾರ್ಮಿಕ ವಾರಕ್ಕೆ 48 ಗಂಟೆ ದುಡಿದರೆ, ಎಂದೂ ನಿಲ್ಲದ ಯಂತ್ರವನ್ನು ನಡೆಸಲು ಮೂರೂವರೆ ತಂಡಗಳು ಬೇಕು. ಮೂರೇ ತಂಡಗಳನ್ನಿಟ್ಟುಕೊಂಡು ವಾರದ ರಜೆಗೆ ಬದಲಿ ಜನರನ್ನು ಕೊಡದಿದ್ದರೆ ಪ್ರತಿಯೊಬ್ಬನ ಪಾಲಿಗೆ 56 ಗಂಟೆ ಬೀಳುತ್ತದೆ.

ಹನ್ನೆರಡು ಗಂಟೆಯ ಪಾಳಿಗೂ ಇದೇ ಲೆಕ್ಕ. ನಾಲ್ಕು ತಂಡಗಳಿದ್ದರೆ ಒಬ್ಬನಿಗೆ ವಾರಕ್ಕೆ ಸರಾಸರಿ 42 ಗಂಟೆ ಕೆಲಸ, ಮೂರು ನಾಲ್ಕು ದಿನ ಬಿಡುವು. ಎರಡೇ ತಂಡಗಳಿದ್ದರೆ ಅದೇ ಹನ್ನೆರಡು ಗಂಟೆಯ ಪಾಳಿ ವಾರಕ್ಕೆ 84 ಗಂಟೆಯ ದುಡಿಮೆಯಾಗುತ್ತದೆ, ಬಿಡುವೇ ಇಲ್ಲ. ಹೆಸರು ಒಂದೇ, ಬದುಕು ಬೇರೆ ಬೇರೆ. ಆದ್ದರಿಂದ 'ನಿಮ್ಮದು ಎಷ್ಟು ಗಂಟೆಯ ಪಾಳಿ?' ಎಂದು ಕೇಳಿದರೆ ಸಾಲದು, 'ಎಷ್ಟು ತಂಡಗಳಿವೆ?' ಎಂದೂ ಕೇಳಬೇಕು.

ಅನುಕೂಲಗಳು

ದೀರ್ಘ ಪಾಳಿಯನ್ನು ಇಷ್ಟಪಟ್ಟು ಕೇಳಿ ಪಡೆಯುವವರೂ ಇದ್ದಾರೆ. ಅವರ ಕಾರಣಗಳನ್ನು ನಾವು ತಳ್ಳಿಹಾಕುವಂತಿಲ್ಲ.

ಮೊದಲನೆಯದು, ಕೆಲಸಕ್ಕೆ ಹೋಗಿಬರುವ ದಿನಗಳು ಕಡಿಮೆಯಾಗುತ್ತವೆ. ವಾರಕ್ಕೆ ಆರು ಸಲ ಬಸ್ಸು, ಬೈಕು ಎಂದು ಓಡಾಡುವವನು ನಾಲ್ಕು ಸಲ ಓಡಾಡಿದರೆ ಹಣವೂ ಸಮಯವೂ ಉಳಿಯುತ್ತದೆ. ಎರಡನೆಯದು, ಒಟ್ಟಿಗೆ ಸಿಗುವ ಬಿಡುವು. ಊರಿಗೆ ಹೋಗಿ ವೃದ್ಧ ತಂದೆತಾಯಿಯನ್ನು ನೋಡಲು, ಬ್ಯಾಂಕು, ತಾಲ್ಲೂಕು ಕಚೇರಿಯ ಕೆಲಸ ಮುಗಿಸಲು, ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ವಾರದ ನಡುವಿನ ಒಂದು ದಿನ ದೊಡ್ಡ ಉಪಕಾರ. ಮೂರನೆಯದು, ಹೆಚ್ಚುವರಿ ಗಂಟೆಗಳಿಗೆ ಕಾನೂನಿನಂತೆ ಸಿಗಬೇಕಾದ ಇಮ್ಮಡಿ ಕೂಲಿ. ಹಂಗಾಮಿ ಕಾರ್ಮಿಕನಿಗೆ ಐದಾರು ತಿಂಗಳ ಸಂಪಾದನೆಯಲ್ಲೇ ವರ್ಷದ ದೊಡ್ಡ ಖರ್ಚುಗಳೆಲ್ಲ ಸಾಗಬೇಕು. ನಾಲ್ಕನೆಯದು, ಸರದಿಯ ನ್ಯಾಯ. ಪಾಳಿ ಬದಲಾಗುತ್ತಿದ್ದರೆ ರಾತ್ರಿಯ ಹೊರೆ ಒಬ್ಬನ ತಲೆಗೇ ಬೀಳದೆ ಎಲ್ಲರಿಗೂ ಹಂಚಿಹೋಗುತ್ತದೆ. ಆಸ್ಪತ್ರೆಯಲ್ಲಾದರೆ ಇನ್ನೊಂದು ಅನುಕೂಲವೂ ಇದೆ: ಪಾಳಿ ಉದ್ದವಿದ್ದಷ್ಟೂ ರೋಗಿಯನ್ನು ಒಬ್ಬರು ಇನ್ನೊಬ್ಬರಿಗೆ ಒಪ್ಪಿಸುವ ಸಂದರ್ಭಗಳು ಕಡಿಮೆ.

ಅನಾನುಕೂಲಗಳು

ನಮ್ಮ ದೇಹದೊಳಗೆ ಹಗಲು ರಾತ್ರಿಯನ್ನು ಅನುಸರಿಸಿ ನಡೆಯುವ ಒಂದು ಗಡಿಯಾರವಿದೆ. ಅದು ಹೇಗೆ ನಡೆಯುತ್ತದೆ ಎಂಬುದನ್ನು ಕಂಡುಹಿಡಿದ ಜೆಫ್ರಿ ಹಾಲ್, ಮೈಕೆಲ್ ರಾಸ್‌ಬ್ಯಾಶ್, ಮೈಕೆಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಈ ಗಡಿಯಾರದ ಪ್ರಕಾರ ನಸುಕಿನ ಮೂರರಿಂದ ಐದರ ಹೊತ್ತಿಗೆ ದೇಹದ ಶಾಖ ಮತ್ತು ಎಚ್ಚರ ಅತ್ಯಂತ ಕೆಳಗೆ ಇಳಿದಿರುತ್ತವೆ. ಹೊಸ ವೇಳೆಗೆ ದೇಹ ದಿನಕ್ಕೆ ಸುಮಾರು ಒಂದು ಗಂಟೆಯಷ್ಟು ಮಾತ್ರ ಹೊಂದಿಕೊಳ್ಳಬಲ್ಲದು. ವಾರಕ್ಕೊಮ್ಮೆ ಪಾಳಿ ಬದಲಾದರೆ ದೇಹ ಹೊಂದಿಕೊಳ್ಳುವ ಮೊದಲೇ ಮತ್ತೊಂದು ವೇಳೆ ಎದುರಾಗುತ್ತದೆ. ಹಗಲಿನ ಬೆಳಕು ಮತ್ತು ಸದ್ದಿನಿಂದಾಗಿ ಹಗಲುನಿದ್ದೆ ರಾತ್ರಿಯ ನಿದ್ದೆಗಿಂತ ಸಾಮಾನ್ಯವಾಗಿ ಒಂದೆರಡು ಗಂಟೆ ಕಡಿಮೆ.

ಇದರ ಮೊದಲ ಪರಿಣಾಮ ಅಪಘಾತ. ಫೋಕಾರ್ಡ್ ಮತ್ತು ಟಕ್ಕರ್ ಎಂಬ ಸಂಶೋಧಕರು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2003ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬೆಳಗಿನ ಪಾಳಿಗಿಂತ ರಾತ್ರಿ ಪಾಳಿಯಲ್ಲಿ ಅವಘಡದ ಸಂಭವ ಸುಮಾರು ಶೇ. 30 ಹೆಚ್ಚು. ಎಂಟು ಗಂಟೆಯ ಪಾಳಿಗಿಂತ ಹನ್ನೆರಡು ಗಂಟೆಯ ಪಾಳಿಯಲ್ಲಿ ಸುಮಾರು ಶೇ. 27 ಹೆಚ್ಚು. ರಾತ್ರಿಯೂ ಹೌದು, ಹನ್ನೆರಡು ಗಂಟೆಯೂ ಹೌದು ಎಂದಾದರೆ ಎರಡೂ ಅಪಾಯಗಳು ಒಂದೇ ಮನುಷ್ಯನ ಮೇಲೆ ಬೀಳುತ್ತವೆ.

ಅಪಾಯ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ. 1997ರ ಒಂದು ಪ್ರಯೋಗದಲ್ಲಿ ಸತತ 17 ಗಂಟೆ ಎಚ್ಚರವಿದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯವಿದ್ದವರಷ್ಟೇ ಕುಗ್ಗಿತ್ತು. ನಮ್ಮ ದೇಶದಲ್ಲಿ ವಾಹನ ಚಾಲಕನಿಗೆ ಇರುವ ಮಿತಿ ಶೇ. 0.03. ಮಧ್ಯಾಹ್ನ 3ಕ್ಕೆ ಎದ್ದು ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ ದುಡಿದವನು ಬೈಕು ಹತ್ತುವಾಗ ಸರಿಯಾಗಿ 17 ಗಂಟೆ ಎಚ್ಚರವಿದ್ದಿರುತ್ತಾನೆ. ಒಂದು ಹನಿ ಕುಡಿಯದಿದ್ದರೂ ಅವನ ಸ್ಥಿತಿ ಕುಡಿದವನದ್ದೇ. ಹಂಗಾಮಿನಲ್ಲಿ ಆ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು, ಅವುಗಳಲ್ಲಿ ಕೆಲವಕ್ಕೆ ಹಿಂದೀಪವೂ ಇಲ್ಲ. ಉಳಿದದ್ದನ್ನು ಓದುಗರೇ ಊಹಿಸಿಕೊಳ್ಳಬಹುದು.

ಎರಡನೆಯ ಪರಿಣಾಮ ನಿಧಾನವಾಗಿ ಬರುವ ಕಾಯಿಲೆ. ಹೊಟ್ಟೆಯ ತೊಂದರೆ, ಸಕ್ಕರೆ ಕಾಯಿಲೆ, ಹೃದ್ರೋಗ ಇವು ವರ್ಷಗಟ್ಟಲೆ ರಾತ್ರಿ ದುಡಿದವರಲ್ಲಿ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ರಾತ್ರಿ ಪಾಳಿಯನ್ನು 'ಬಹುಶಃ ಕ್ಯಾನ್ಸರಿಗೆ ಕಾರಣವಾಗಬಲ್ಲದು' ಎಂಬ ಗುಂಪಿಗೆ 2007ರಲ್ಲಿ ಸೇರಿಸಿತು, 2019ರಲ್ಲಿ ಪುನಃ ಪರಿಶೀಲಿಸಿ ಅದನ್ನೇ ಉಳಿಸಿಕೊಂಡಿತು. ಮೂರನೆಯದು ಮನೆಯ ನಷ್ಟ. ಮಕ್ಕಳು ಶಾಲೆಯಿಂದ ಬರುವಾಗ ತಂದೆ ಹೊರಡುತ್ತಾನೆ, ಅವನು ಬಂದಾಗ ಮಕ್ಕಳು ಹೊರಟಿರುತ್ತಾರೆ. ಒಂದೇ ಸೂರಿನಡಿ ಇದ್ದೂ ವಾರಗಟ್ಟಲೆ ಮಾತಿಲ್ಲದ ಮನೆಗಳಿವೆ.

ಬಿಡುವು ವಿಶ್ರಾಂತಿಯೇ?

ಗಡಿಸೀಮೆಯ ಉದಾಹರಣೆಯನ್ನು ನಾವು ಆರಿಸಿದ್ದು ಮುಖ್ಯವಾಗಿ ಈ ಪ್ರಶ್ನೆಗಾಗಿ. ದೀರ್ಘ ಪಾಳಿಯ ಅತಿ ದೊಡ್ಡ ಲಾಭ ಎಂದು ಎಲ್ಲರೂ ಹೇಳುವುದು ಹೆಚ್ಚುವರಿ ರಜಾದಿನಗಳನ್ನು. ಆದರೆ ಆ ದಿನಗಳು ಎಲ್ಲಿ ಹೋಗುತ್ತವೆ?

ಅಲ್ಲಿನ ಅನೇಕ ಕಾರ್ಮಿಕರು ಎರಡು ಮೂರು ಎಕರೆಯ ರೈತರೂ ಹೌದು. ಹೊಲದಲ್ಲಿ ಕಬ್ಬು ಇರುತ್ತದೆ, ನಿಪ್ಪಾಣಿಯ ಸುತ್ತಿನಲ್ಲಾದರೆ ತಂಬಾಕು ಇರುತ್ತದೆ, ಹಿತ್ತಲಲ್ಲಿ ಎಮ್ಮೆ ಇರುತ್ತದೆ. ಪಂಪ್‌ಸೆಟ್ಟಿನ ತ್ರೀಫೇಸ್ ಕರೆಂಟಿಗೂ ಪಾಳಿಯಿದೆ. ಅದು ರಾತ್ರಿಯ ಸರದಿಯಲ್ಲಿ ಬಂದರೆ ರಜೆಯ ರಾತ್ರಿಯೂ ನೀರು ಹಾಯಿಸುವುದರಲ್ಲಿ ಕಳೆಯುತ್ತದೆ. ಹೀಗೆ ಕಾಗದದ ಮೇಲೆ ಮೂರು ದಿನ ಬಿಡುವಿದ್ದವನು ನಿಜದಲ್ಲಿ ಒಂದು ದಿನವೂ ಮಲಗಿರುವುದಿಲ್ಲ. ಹೆಂಗಸರ ವಿಷಯದಲ್ಲಿ ಇದು ಇನ್ನೂ ನಿಜ. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸು ಕಂಬಳಿ ಹೊದ್ದು ಮಲಗಬಹುದು. ಅದೇ ಪಾಳಿ ಮುಗಿಸಿ ಬಂದ ನರ್ಸ್ ಮೊದಲು ಒಲೆ ಹಚ್ಚುತ್ತಾಳೆ. ಇದು ನಮ್ಮ ಕರಾವಳಿಯ ಮನೆಗಳಿಗೂ ಅನ್ವಯಿಸುವ ಮಾತು.

ಕೆಲಸದ ಗಂಟೆ ಉದ್ದವಾದರೂ ಪರವಾಗಿಲ್ಲ, ರಜೆ ಹೆಚ್ಚು ಸಿಗುತ್ತದಲ್ಲ ಎಂಬ ವಾದವನ್ನು ಆದ್ದರಿಂದ ನಾವು ಎಚ್ಚರಿಕೆಯಿಂದ ಸ್ವೀಕರಿಸಬೇಕು. ಬಿಡುವು ನಿದ್ದೆಯಾಗಿ ಮಾರ್ಪಟ್ಟರೆ ಮಾತ್ರ ದೀರ್ಘ ಪಾಳಿಯ ಲಾಭ ಲಾಭವಾಗಿ ಉಳಿಯುತ್ತದೆ. ಅದು ಎರಡನೆಯ ದುಡಿಮೆಯಾದರೆ ಹನ್ನೆರಡು ಗಂಟೆಯ ದಣಿವಷ್ಟೇ ಕೈಯಲ್ಲಿ ಉಳಿಯುತ್ತದೆ.

ಕಾನೂನು ಏನು ಹೇಳುತ್ತದೆ?

1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಮೊತ್ತಮೊದಲ ಒಡಂಬಡಿಕೆಯೇ ದಿನಕ್ಕೆ 8, ವಾರಕ್ಕೆ 48 ಗಂಟೆ ಎಂದು ಹೇಳಿತು. ನಮ್ಮ 1948ರ ಕಾರ್ಖಾನೆಗಳ ಕಾಯ್ದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಐದು ಗಂಟೆಗೊಮ್ಮೆ ಅರ್ಧ ಗಂಟೆಯ ವಿರಾಮ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ಕೂಲಿ ಕಡ್ಡಾಯವಾಯಿತು.

2023ರಲ್ಲಿ ಕರ್ನಾಟಕ ಈ ಕಾಯ್ದೆಗೆ ತಿದ್ದುಪಡಿ ತಂದು, ವಾರದ 48 ಗಂಟೆ ಮೀರದಂತೆ, ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ, ವಿರಾಮವೂ ಸೇರಿ ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ಮೂರು ತಿಂಗಳಿಗೆ 75 ಗಂಟೆಯಿದ್ದ ಹೆಚ್ಚುವರಿ ಕೆಲಸದ ಮಿತಿ 144ಕ್ಕೆ ಏರಿತು. ರಕ್ಷಣೆಯ ಷರತ್ತುಗಳೊಂದಿಗೆ ಮಹಿಳೆಯರಿಗೆ ರಾತ್ರಿ ಪಾಳಿಯೂ ತೆರೆಯಿತು. ಅದೇ ವರ್ಷ ತಮಿಳುನಾಡು ಇಂಥದೇ ತಿದ್ದುಪಡಿಯನ್ನು ಅಂಗೀಕರಿಸಿ, ಕಾರ್ಮಿಕ ಸಂಘಟನೆಗಳ ವಿರೋಧದಿಂದ ಹಿಂತೆಗೆದುಕೊಂಡಿತು. ನಂತರ 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿಯೂ ದಿನಕ್ಕೆ ಎಂಟು ಗಂಟೆಯೇ ಮೂಲ ನಿಯಮ. ಹೆಚ್ಚುವರಿ ಕೆಲಸಕ್ಕೆ ಕಾರ್ಮಿಕನ ಒಪ್ಪಿಗೆ ಬೇಕು, ಇಮ್ಮಡಿ ಕೂಲಿ ಕೊಡಬೇಕು.

ಇಲ್ಲಿ 'ಒಪ್ಪಿಗೆ' ಎಂಬ ಪದವೇ ಮುಖ್ಯ. ಮುಂದಿನ ಹಂಗಾಮಿಗೆ ಮತ್ತೆ ಕರೆಯುತ್ತಾರೋ ಇಲ್ಲವೋ ಎಂಬ ಭಯದಲ್ಲಿರುವ ಗುತ್ತಿಗೆ ಕಾರ್ಮಿಕ ಒಬ್ಬನೇ ನಿಂತು 'ಆಗುವುದಿಲ್ಲ' ಎನ್ನುವುದು ಸುಲಭವಲ್ಲ. ನಿಪ್ಪಾಣಿಯೇ ಇದಕ್ಕೆ ಪಾಠ ಹೇಳುತ್ತದೆ. ಅಲ್ಲಿನ ತಂಬಾಕು ಕಾರ್ಖಾನೆಗಳ ಬಡ ಹೆಣ್ಣುಮಕ್ಕಳು 1980ರ ಸುಮಾರಿಗೆ ಸಂಘ ಕಟ್ಟಿ ನಿಂತ ಮೇಲೆಯೇ ಅವರ ಮಾತಿಗೆ ಬೆಲೆ ಬಂತು. ಅವರ ಹೋರಾಟವನ್ನು ಯುಗಾಂತರ್ ಎಂಬ ಮಹಿಳಾ ತಂಡವು 1982ರಲ್ಲಿ ಸಾಕ್ಷ್ಯಚಿತ್ರವಾಗಿಯೂ ದಾಖಲಿಸಿದೆ.

ನಾವು ಏನು ಮಾಡಬಹುದು?

ಪಾಳಿಯಲ್ಲಿ ದುಡಿಯುವವರಿಗೆ ಕೆಲವು ಸರಳ ಸೂಚನೆಗಳು:

1. ಪಾಳಿಪಟ್ಟಿ ಮಾಡುವಾಗ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಮುಂದಿನ ಕ್ರಮವನ್ನೇ ಕೇಳಿ. ಹಿಂದುಮುಂದಾದ ಕ್ರಮಕ್ಕಿಂತ ಅದು ದೇಹಕ್ಕೆ ಸುಲಭ. ಎರಡು ಪಾಳಿಗಳ ನಡುವೆ ಕನಿಷ್ಠ 11 ಗಂಟೆ ಅಂತರವಿರಲಿ.

2. ಮೊದಲ ರಾತ್ರಿ ಪಾಳಿಗೆ ಹೋಗುವ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ. ಅವಕಾಶವಿದ್ದರೆ ಕೆಲಸದ ವಿರಾಮದಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ.

3. ಪಾಳಿಯ ಕೊನೆಯ ನಾಲ್ಕೈದು ಗಂಟೆ ಚಹಾ, ಕಾಫಿ ಬೇಡ. ನಡುರಾತ್ರಿ ಹೊಟ್ಟೆ ಬಿರಿಯುವಷ್ಟು ಉಣ್ಣಬೇಡಿ.

4. ಮಲಗುವ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ಕತ್ತಲು ಮಾಡಿ, ಮೊಬೈಲನ್ನು ಹೊರಗಿಡಿ.

5. ಕಣ್ಣು ಎಳೆಯುತ್ತಿದ್ದರೆ ಬೈಕು ಹತ್ತಬೇಡಿ. ಅರ್ಧ ಗಂಟೆ ಮಲಗಿ ಹೊರಡಿ, ಇಲ್ಲವೇ ಬಸ್ಸಿಗೆ ಬನ್ನಿ.

6. ಹೆಚ್ಚುವರಿ ದುಡಿದ ಗಂಟೆಗಳನ್ನು ನಿಮ್ಮದೇ ಡೈರಿಯಲ್ಲಿ ಬರೆದಿಡಿ. ಕೂಲಿಯ ತಕರಾರು ಬಂದಾಗ ಅದು ಆಧಾರವಾಗುತ್ತದೆ.

ಮನೆಯವರು ಪಾಳಿಪಟ್ಟಿಯನ್ನು ಕ್ಯಾಲೆಂಡರಿನ ಪಕ್ಕ ತೂಗುಹಾಕಿ, ವಾರಕ್ಕೆ ಒಂದು ಊಟವನ್ನಾದರೂ ಎಲ್ಲರೂ ಒಟ್ಟಿಗೆ ಮಾಡುವಂತೆ ನೋಡಿಕೊಳ್ಳಲಿ. ಆ ಊಟ ರಾತ್ರಿಯದ್ದೇ ಆಗಬೇಕೆಂದಿಲ್ಲ.

ಧರ್ಮಕೇಂದ್ರದಲ್ಲಿ ಸೇವೆ ಮಾಡುವ ನಮಗೂ ಇಲ್ಲಿ ಒಂದು ಪಾಠವಿದೆ. ಮನೆಭೇಟಿಗೆ ಬೆಳಿಗ್ಗೆ ಹತ್ತಕ್ಕೆ ಹೋಗಿ ಬಾಗಿಲು ಬಡಿದು, ಆಗಷ್ಟೇ ಮಲಗಿದವರನ್ನು ನಾವು ಎಬ್ಬಿಸಿದ್ದುಂಟು. ಸಭೆಗೆ ಬಾರದವರನ್ನು ಆಸಕ್ತಿಯಿಲ್ಲದವರು ಎಂದು ಎಣಿಸಿದ್ದೂ ಉಂಟು. ವಾಳೆಯ ಗುರಿಕಾರರು ತಮ್ಮ ವಾಳೆಯಲ್ಲಿ ಯಾರು ಯಾವ ಪಾಳಿಯಲ್ಲಿದ್ದಾರೆ ಎಂದು ತಿಳಿದುಕೊಂಡು ಭೇಟಿಯ ವೇಳೆಯನ್ನು ಹೊಂದಿಸಿಕೊಂಡರೆ ಆ ಮನೆಗಳಿಗೆ ದೊಡ್ಡ ಸಮಾಧಾನ. ರಾತ್ರಿ ಪಾಳಿಯ ತಾಯಿಯ ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸುವ ನೆರೆಮನೆಯವರು ಸಿಕ್ಕರೆ ಆ ತಾಯಿಗೆ ಒಂದು ಗಂಟೆ ಹೆಚ್ಚು ನಿದ್ದೆ.

ನಮ್ಮ ಚಹಾದ ಲೋಟದಲ್ಲಿ ಕರಗುವ ಸಕ್ಕರೆಯ ಹಿಂದೆ ನಸುಕಿನ ನಾಲ್ಕಕ್ಕೆ ಬಾಯ್ಲರಿನ ಮುಂದೆ ನಿಂತವರ ನಿದ್ದೆಯಿದೆ. ಅವರ ಪಾಳಿಯನ್ನು ನಾವು ತೆಗೆದುಕೊಳ್ಳಲಾರೆವು. ನಮ್ಮ ಊರಿನಲ್ಲಿ ಹಾಗೆ ದುಡಿಯುವವರ ನಿದ್ದೆಯನ್ನು ಕಾಯುವುದು ಮಾತ್ರ ನಮ್ಮಿಂದ ಆಗುವ ಕೆಲಸ.