ಶ್ವಾಸಕೋಶವಿಲ್ಲದ ಸಲಮಾಂಡರ್

ಪ್ರಶ್ನೆ: ಶ್ವಾಸಕೋಶವೇ ಇಲ್ಲದ ಸಲಮಾಂಡರ್ ಉಸಿರಾಡುವುದು ಹೇಗೆ? ನಮ್ಮ ಕಾಡಿನಲ್ಲೂ ಅದು ಇದೆಯೇ?

ಉತ್ತರ: ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಳಲ್ಲಿರುವ ಕೆಂಪುಬೆನ್ನಿನ ಸಲಮಾಂಡರ್ ಅಂಥದ್ದು. ಬಾಲ ಸೇರಿಸಿದರೂ ಉದ್ದ ಸುಮಾರು 10 ಸೆಂ.ಮೀ. ಒಳಗೇ. ಚರ್ಮ ಮತ್ತು ಬಾಯಿಯ ಒಳಪೊರೆಯಿಂದಲೇ ಆಮ್ಲಜನಕ ಹೀರುತ್ತದೆ. ಚರ್ಮ ಒಣಗಿತೋ, ಉಸಿರು ಕಟ್ಟಿದಂತೆಯೇ. ಅದಕ್ಕೇ ಹಗಲೆಲ್ಲ ತರಗೆಲೆ, ಕೊಳೆತ ದಿಮ್ಮಿಗಳ ಅಡಿಯ ತೇವದಲ್ಲಿ ಅಡಗಿರುತ್ತದೆ. ಮಳೆ ಬಿದ್ದ ರಾತ್ರಿ ಹೊರಬಂದು ಹುಳುಹುಪ್ಪಟೆ ಹಿಡಿಯುತ್ತದೆ. ಮೊಟ್ಟೆಗೂ ಕೆರೆಕುಂಟೆ ಬೇಡ. ದಿಮ್ಮಿಯ ಪೊಟರೆಯಲ್ಲಿಟ್ಟು ತಾಯಿ ಕಾಯುತ್ತದೆ, ಪುಟ್ಟ ಸಲಮಾಂಡರ್‌ಗಳೇ ನೇರವಾಗಿ ಹೊರಬರುತ್ತವೆ.

ಕಣ್ಣಿಗೆ ಬೀಳುವುದಿಲ್ಲವೆಂದು ಕಡೆಗಣಿಸಬೇಡಿ! ನ್ಯೂ ಹ್ಯಾಂಪ್‌ಶೈರ್‌ನ ಹಬರ್ಡ್ ಬ್ರೂಕ್ ಕಾಡಿನಲ್ಲಿ ಸಲಮಾಂಡರ್‌ಗಳ ಒಟ್ಟು ತೂಕ ಅಲ್ಲಿನ ಹಕ್ಕಿಗಳ ತೂಕದ ಸುಮಾರು ಎರಡು ಪಟ್ಟು ಎಂದು 1975ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಆ ಸಲಮಾಂಡರ್‌ಗಳಲ್ಲಿ ಬಹುಪಾಲು ಈ ಕೆಂಪುಬೆನ್ನಿನವೇ.

ಪಶ್ಚಿಮ ಘಟ್ಟದಲ್ಲಿ ಯಾವ ಸಲಮಾಂಡರೂ ಇಲ್ಲ. ಭಾರತದಲ್ಲಿ ಸಲಮಾಂಡರ್ ಬಳಗದ ಪ್ರಾಣಿಯನ್ನು ನೋಡಬೇಕಿದ್ದರೆ ಡಾರ್ಜಿಲಿಂಗ್ ಕಡೆಗೆ ಹೋಗಬೇಕು.