ಮೂಗಿನ ದಾರಿಯ ಶಸ್ತ್ರಚಿಕಿತ್ಸೆ

ನಡುವಯಸ್ಸಿನಲ್ಲೂ ಕೊಲ್ಲಾಪುರಿ ಚಪ್ಪಲಿಯ ಅಳತೆ ಹೆಚ್ಚುತ್ತಿದ್ದರೆ, ಉಂಗುರ ಬಿಗಿಯಾಗುತ್ತಿದ್ದರೆ, ಮೈ ತುಂಬಿಕೊಂಡಿತೆಂದು ಸುಮ್ಮನಿರಬೇಡಿ. ಮೆದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದಿರಬಹುದು. ಅದು ಕಣ್ಣಿನ ನರವನ್ನು ಒತ್ತಿದರೆ ಮಗ್ಗುಲಲ್ಲಿ ಬರುವ ಎತ್ತೂ ಕಾಣದು.

1907ರಲ್ಲಿ ಆಸ್ಟ್ರಿಯದ ಡಾ. ಹೆರ್ಮನ್ ಶ್ಲೋಫರ್ ಮೊದಲ ಬಾರಿಗೆ ಮೂಗಿನ ದಾರಿಯಿಂದ ಈ ಗಡ್ಡೆಯನ್ನು ತಲುಪಿದರು. ಅದಕ್ಕಾಗಿ ರೋಗಿಯ ಮೂಗನ್ನೇ ಬಿಡಿಸಿ ಒಂದು ಬದಿಗೆ ಸರಿಸಬೇಕಾಯಿತು! 1909ರಲ್ಲಿ ಅಮೆರಿಕದ ಡಾ. ಹಾರ್ವೆ ಕುಶಿಂಗ್ ಇದೇ ದಾರಿ ಹಿಡಿದಾಗ ಅವರ ಮೊದಲ ರೋಗಿ ನಮ್ಮಂಥ ಒಬ್ಬ ರೈತ, 38 ವರ್ಷದವ. ಬದುಕಿ ಉಳಿದ. 1960ರ ದಶಕದಲ್ಲಿ ಕೆನಡಾದ ಡಾ. ಜೂಲ್ ಹಾರ್ಡಿ ಸೂಕ್ಷ್ಮದರ್ಶಕ ಬಳಸಿ ಕೆಲಸ ಸುಧಾರಿಸಿದರು. ನಮ್ಮಲ್ಲಿ ಡಾ. ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ದೇಶದ ಮೊದಲ ಮೆದುಳು-ನರ ಶಸ್ತ್ರಚಿಕಿತ್ಸಾ ವಿಭಾಗ ತೆರೆದರು.

ಗಡಹಿಂಗ್ಲಜ, ಇಚಲಕರಂಜಿ ಕಡೆಯವರು ಸಂಶಯ ಬಂದು ವೈದ್ಯರ ಹತ್ತಿರ ಹೋಗುವಾಗ ನಿಮ್ಮ ಮದುವೆಯ ಫೋಟೋ ಕೊಂಡೊಯ್ಯಿರಿ. ಮುಖ ಎಷ್ಟು ಬದಲಾಗಿದೆಯೆಂದು ಅವರಿಗೆ ಅದರಲ್ಲೇ ತಿಳಿಯುತ್ತದೆ.