ಜೇಮ್ಸ್ ಟಿಲ್ಟನ್: ಸೇನೆಯ ಸರ್ಜನ್, ಡೆಲವೇರಿನ ರೈತ

ಜೇಮ್ಸ್ ಟಿಲ್ಟನ್ ಹುಟ್ಟಿದ್ದು 1745ರ ಜೂನ್ 1ರಂದು, ಅಮೆರಿಕದ ಡೆಲವೇರಿನ ಕೆಂಟ್ ಕೌಂಟಿಯಲ್ಲಿ. ಆಗ ಅದಿನ್ನೂ ಬ್ರಿಟಿಷರ ವಸಾಹತು. 1768ರಲ್ಲಿ ಫಿಲಡೆಲ್ಫಿಯಾ ಕಾಲೇಜಿನಿಂದ ವೈದ್ಯ ಪದವಿ ಪಡೆದ ಮೊದಲ ತಂಡದಲ್ಲಿ ಅವರೂ ಇದ್ದರು. ಡೋವರ್ ಪಟ್ಟಣದಲ್ಲಿ ವೃತ್ತಿ ಹಿಡಿದಿದ್ದವರು 1776ರಲ್ಲಿ ಅದನ್ನು ಬಿಟ್ಟು ಡೆಲವೇರ್ ರೆಜಿಮೆಂಟಿನ ಸರ್ಜನ್ ಆಗಿ ಸ್ವಾತಂತ್ರ್ಯ ಸಮರಕ್ಕೆ ಹೊರಟರು. ಲಾಂಗ್ ಐಲ್ಯಾಂಡ್, ವೈಟ್ ಪ್ಲೇನ್ಸ್ ಕಾಳಗಗಳನ್ನು ಕಂಡರು. ಆದರೆ ಅವರನ್ನು ಹೆಚ್ಚು ಕಲಕಿದ್ದು ರಣರಂಗವಲ್ಲ, ಆಸ್ಪತ್ರೆ.

1777ರಲ್ಲಿ ಪ್ರಿನ್ಸ್‌ಟನ್ನಿನ ಸೇನಾ ಆಸ್ಪತ್ರೆಗೆ ಅವರ ನೇಮಕವಾಯಿತು. ಗಾಯಾಳುಗಳನ್ನೂ ಜ್ವರಪೀಡಿತರನ್ನೂ ಒಂದೇ ಕಟ್ಟಡದಲ್ಲಿ ತುಂಬಲಾಗಿತ್ತು. ಸೈನಿಕರು ಜೈಲು ಜ್ವರ ಎಂದು ಕರೆಯುತ್ತಿದ್ದ ಟೈಫಸ್ ಟಿಲ್ಟನ್ ಅವರಿಗೂ ಅಂಟಿತು. ಜೊತೆಯ ವೈದ್ಯರು ಆಸೆ ಬಿಟ್ಟು, ಇನ್ನೆಷ್ಟು ದಿನ ಬದುಕಬಹುದೆಂದಷ್ಟೇ ಚರ್ಚಿಸುತ್ತಿದ್ದರೆಂದು ಅವರೇ ಮುಂದೆ ಬರೆದಿದ್ದಾರೆ. ಚೇತರಿಸಿಕೊಳ್ಳಲು ತಿಂಗಳುಗಳೇ ಬೇಕಾದವು. ಪೆನ್ಸಿಲ್ವೇನಿಯಾದ ಬೆಥ್ಲೆಹೆಮ್ ಆಸ್ಪತ್ರೆಯ ಸ್ಥಿತಿ ಇನ್ನೂ ಘೋರವಾಗಿತ್ತು. ಹಾಸಿದ ಹುಲ್ಲನ್ನು ಬದಲಾಯಿಸುವ ಮೊದಲೇ ಅದರ ಮೇಲೆ ನಾಲ್ಕೈದು ಮಂದಿ ಒಬ್ಬರ ನಂತರ ಒಬ್ಬರು ಸಾಯುತ್ತಿದ್ದರು. ವರ್ಜೀನಿಯಾದ ಒಂದು ರೆಜಿಮೆಂಟಿನಿಂದ ಅಲ್ಲಿಗೆ ಬಂದಿದ್ದ 40 ಸೈನಿಕರಲ್ಲಿ ಎಷ್ಟು ಮಂದಿ ಮರಳಿ ದಂಡು ಸೇರಬಹುದೆಂದು ಅಲ್ಲಿನ ಸರ್ಜನ್ ಒಬ್ಬರು ಟಿಲ್ಟನ್ ಅವರನ್ನು ಕೇಳಿ, ಮೂರು ಮಂದಿಯೂ ಸೇರಲಾರರು ಎಂದು ತಾವೇ ಉತ್ತರಿಸಿದರು.

ಇದನ್ನೆಲ್ಲ ಕಂಡ ಮೇಲೆ ಔಷಧಕ್ಕಿಂತ ವ್ಯವಸ್ಥೆ ಮುಖ್ಯ ಎಂಬುದು ಅವರಿಗೆ ಖಚಿತವಾಯಿತು. 1779–80ರ ಚಳಿಗಾಲ ಸೇನಾಪತಿ ವಾಷಿಂಗ್ಟನ್ ಅವರ ಸೇನೆ ಕಂಡ ಅತಿ ಕಠಿಣ ಚಳಿಗಾಲ. ಆಗ ಮಾರಿಸ್‌ಟೌನ್ ಶಿಬಿರದಲ್ಲಿ ಟಿಲ್ಟನ್ ತಮ್ಮ ಲೆಕ್ಕಾಚಾರದ ಪ್ರಕಾರವೇ ಆಸ್ಪತ್ರೆ ಕಟ್ಟಿಸಿದರು. ಮರದ ದಿಮ್ಮಿಗಳ ಗೋಡೆ, ಬರಿಯ ಮಣ್ಣಿನ ನೆಲ, ಸಣ್ಣ ಸಣ್ಣ ವಾರ್ಡುಗಳು. ಮೂಲನಿವಾಸಿಗಳ ಗುಡಿಸಲುಗಳ ಮಾದರಿಯಲ್ಲಿ ಬೆಂಕಿ ವಾರ್ಡಿನ ನಟ್ಟನಡುವೆ ಉರಿಯುತ್ತಿತ್ತು. ಚಿಮಣಿ ಇರಲಿಲ್ಲ, ಮಾಡಿನ ನೆತ್ತಿಯಲ್ಲಿ ಬಿಟ್ಟ ಸುಮಾರು 4 ಅಂಗುಲದ ಸಂದಿಯಿಂದ ಹೊಗೆ ಹೊರಹೋಗುತ್ತಿತ್ತು. ರೋಗಿಗಳು ಗೋಡೆಗೆ ತಲೆ, ಬೆಂಕಿಯತ್ತ ಕಾಲು ಮಾಡಿ ಮಲಗುತ್ತಿದ್ದರು. ಹೊಗೆ ಅವರ ತಲೆಗಿಂತ ಮೇಲೇ ಸುಳಿಯುತ್ತಿದ್ದುದರಿಂದ ಕಣ್ಣುರಿಯೂ ಇಲ್ಲ, ಗಾಳಿಯಾಟಕ್ಕೂ ಕೊರತೆಯಿಲ್ಲ.

ಜ್ವರ ಹರಡುವುದು ಕೆಟ್ಟ ಗಾಳಿಯಿಂದ ಎಂಬುದು ಆ ಕಾಲದ ತಿಳಿವಳಿಕೆ, ಟಿಲ್ಟನ್ ಅವರದ್ದೂ ಅದೇ. ಟೈಫಸ್ ಹರಡುವುದು ಹೇನಿನಿಂದ ಎಂದು ವಿಜ್ಞಾನಿ ಷಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು 1909ರಲ್ಲಿ. ಆದರೂ ನೂಕುನುಗ್ಗಲು ತಪ್ಪಿಸಿ, ಹಾಸಿಗೆ ಶುಚಿಯಾಗಿಟ್ಟರೆ ಹೇನಿಗೂ ಹಾದಿ ಮುಚ್ಚುತ್ತದೆ. ಕಾರಣ ತಪ್ಪಾಗಿದ್ದರೂ ಅವರ ಉಪಾಯ ಸರಿಯಾಗಿಯೇ ಇತ್ತು.

ಆಡಳಿತದ ಬಗೆಗೂ ಅವರು ಅಷ್ಟೇ ನಿಷ್ಠುರವಾಗಿದ್ದರು. ಸೇನಾ ಆಸ್ಪತ್ರೆಗಳ ಮುಖ್ಯಸ್ಥನ ಕೈಯಲ್ಲೇ ಚಿಕಿತ್ಸೆಯ ಉಸ್ತುವಾರಿ, ಔಷಧ–ಆಹಾರಗಳ ಖರೀದಿ ಎರಡೂ ಇದ್ದವು. ಕೊಳ್ಳುವವನೂ ತಪಾಸಣೆ ಮಾಡುವವನೂ ಒಬ್ಬನೇ ಆದರೆ ರೋಗಿಯ ಪಾಲು ಸೋರಿಹೋಗುತ್ತದೆ, ಇವು ಬೇರೆ ಬೇರೆ ಕೈಯಲ್ಲಿರಲೇಬೇಕು ಎಂದು ಅವರು ಪಟ್ಟುಹಿಡಿದರು. ಇಂದಿನ ಆಸ್ಪತ್ರೆಗಳಿಗೂ ಸಲ್ಲುವ ಮಾತಿದು. 1781ರಲ್ಲಿ ಬ್ರಿಟಿಷರ ವಿರುದ್ಧದ ಯಾರ್ಕ್‌ಟೌನ್ ಗೆಲುವಿನ ಹೊತ್ತಿಗೆ ಅವರು ವಿಲಿಯಮ್ಸ್‌ಬರ್ಗ್ ಆಸ್ಪತ್ರೆಯ ಹೊಣೆ ಹೊತ್ತಿದ್ದರು.

ಯುದ್ಧ ಮುಗಿದ ಮೇಲೆ ಅಮೆರಿಕದ ಕಾಂಗ್ರೆಸ್ಸಿನಲ್ಲಿ, ರಾಜ್ಯದ ಶಾಸನಸಭೆಯಲ್ಲಿ ಕೆಲಸ ಮಾಡಿದರು. ಮದುವೆಯಾಗಲಿಲ್ಲ. ಕೊನೆಗೆ ವಿಲ್ಮಿಂಗ್ಟನ್ ಬಳಿ ಜಮೀನು ಮಾಡಿ ಬೇಸಾಯಕ್ಕಿಳಿದರು. ಹೊರದೇಶದ ಚಹಾ, ಕಾಫಿ ಅವರ ಮನೆಯೊಳಗೆ ಬರುತ್ತಿರಲಿಲ್ಲ. ನೆಲದಲ್ಲಿ ಬೆಳೆದದ್ದೇ ಊಟ, ಮನೆಯಲ್ಲಿ ನೂತು ನೇಯ್ದದ್ದೇ ಬಟ್ಟೆ. ಡೆಲವೇರಿನ ಬೇಸಾಯದ ಕುರಿತು ಲೇಖನಗಳನ್ನೂ ಬರೆದರು. ಅವುಗಳ ಪೈಕಿ ಹಣ್ಣಿನ ತೋಟಗಳನ್ನು ಹಾಳುಮಾಡುತ್ತಿದ್ದ ಮೂತಿ ಹುಳುವಿನ ಕುರಿತ ಬರಹದಲ್ಲಿ ಆ ಹಳೆಯ ಸರ್ಜನ್ ಎದ್ದು ಕಾಣುತ್ತಾರೆ. ಈ ಹುಳು ಎಳೆಕಾಯಿಯಲ್ಲಿ ಮೊಟ್ಟೆಯಿಡುತ್ತದೆ. ಮರಿ ತಿರುಳು ತಿನ್ನುತ್ತ ಬೆಳೆಯುತ್ತದೆ, ಕಾಯಿ ಉದುರುತ್ತದೆ, ಮರಿ ಮಣ್ಣು ಸೇರಿ ಮುಂದೆ ಹುಳುವಾಗಿ ಮೇಲೇಳುತ್ತದೆ. ತೋಟಕ್ಕೆ ಹಂದಿಗಳನ್ನು ಬಿಟ್ಟರೆ ಬಿದ್ದ ಕಾಯಿಯನ್ನು ಮರಿಸಮೇತ ತಿಂದು ಮುಗಿಸುತ್ತವೆ ಎಂಬುದು ಟಿಲ್ಟನ್ ಅವರ ಸಲಹೆ. ಮದ್ದಿಲ್ಲದೆ, ಖರ್ಚಿಲ್ಲದೆ ರೋಗದ ಸರಪಳಿಯನ್ನು ನಡುವೆಯೇ ಕತ್ತರಿಸುವ ಕ್ರಮವಿದು.

1812ರಲ್ಲಿ ಬ್ರಿಟನ್ ಜೊತೆ ಮತ್ತೆ ಯುದ್ಧ ಶುರುವಾಯಿತು. ಸೇನಾ ಆಸ್ಪತ್ರೆಗಳನ್ನು ಮಿತವ್ಯಯದಿಂದ ನಡೆಸುವ ಬಗೆಯನ್ನು ಟಿಲ್ಟನ್ 1813ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದೇ ವರ್ಷ ಸರ್ಕಾರ ಅವರನ್ನು ಇಡೀ ಸೇನೆಯ ವೈದ್ಯ ಹಾಗೂ ಸರ್ಜನ್ ಜನರಲ್ ಆಗಿ ನೇಮಿಸಿತು. ಅರವತ್ತೆಂಟರ ವಯಸ್ಸಿನಲ್ಲಿ ಉತ್ತರದ ಗಡಿಗೆ ಹೋಗಿ, ಸ್ಯಾಕೆಟ್ಸ್ ಹಾರ್ಬರಿನಂಥ ಕಡೆ ಹದಗೆಟ್ಟಿದ್ದ ಆಸ್ಪತ್ರೆಗಳನ್ನು ದಾರಿಗೆ ತಂದರು. 1815ರಲ್ಲಿ ಹುದ್ದೆ ಮುಗಿಯಿತು. ಕಾಲಿನಲ್ಲಿ ಎದ್ದ ಗೆಡ್ಡೆಯಿಂದಾಗಿ ಎಪ್ಪತ್ತನೆಯ ವಯಸ್ಸಿನಲ್ಲಿ ತೊಡೆಯ ಭಾಗದಲ್ಲೇ ಕಾಲು ಕತ್ತರಿಸಬೇಕಾಯಿತು. ಅರಿವಳಿಕೆ ಬಳಕೆಗೆ ಬರಲು ಇನ್ನೂ ಮೂರು ದಶಕ ಬಾಕಿಯಿತ್ತು. ಆ ನೋವನ್ನು ತಡೆದುಕೊಂಡು ಅವರು ಜಮೀನಿನಲ್ಲೇ ಮತ್ತಷ್ಟು ವರ್ಷ ಬದುಕಿ, 1822ರ ಮೇ 14ರಂದು ತೀರಿಕೊಂಡರು.